ಸ್ಪೇನಿನಲ್ಲಿ ಮನೆ ಕೊಳ್ಳುವುದು ಹೇಗೆ: ಮುಂಗಡ ಕೊಡುವ ಮುನ್ನ ಮುಗಿಸಬೇಕಾದ ಕೆಲಸಗಳು

ಮ್ಯೂನಿಕ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟಿಗೆ ಕೇಳುವ ದುಡ್ಡಿಗೆ ಸ್ಪೇನಿನ ಅಲಿಕಾಂತೆಯಲ್ಲಿ ಅಂಥವು ಎರಡು ಬರುತ್ತವೆ. ಜೊತೆಗೆ ಬಿಸಿಲು, ಕಡಲು. ಇದೇ ಲೆಕ್ಕ ಹಾಕಿ ಬ್ರಿಟಿಷರು, ಜರ್ಮನ್ನರು, ಡಚ್ಚರು ದಶಕಗಳಿಂದ ಅಲ್ಲಿ ರಜೆ ಮನೆ ಕೊಳ್ಳುತ್ತಿದ್ದಾರೆ. ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಈಗ ಈ ಮಾತು ಬರುತ್ತದೆ. ಬೆಂಗಳೂರಿನಲ್ಲೇ ಕೂತು ಕೊಳ್ಳಲು ಹೊರಟವರೂ ಇದ್ದಾರೆ.

ಮನೆ ಹುಡುಕುವುದು ಸುಲಭ. ದುಡ್ಡು ಹೊಂದಿಸುವುದು ಕಷ್ಟ, ಆದರೆ ಅದು ಎಲ್ಲ ಕಡೆಯೂ ಕಷ್ಟವೇ. ಸ್ಪೇನಿನಲ್ಲಿ ಜನ ಎಡವುವ ಜಾಗ ಬೇರೆ. ಅಲ್ಲಿ ಮನೆಯ ಮೇಲಿನ ಬಾಕಿ, ಕಟ್ಟದ ತೆರಿಗೆ, ಪರವಾನಗಿ ಇಲ್ಲದೆ ಎಬ್ಬಿಸಿದ ಕೋಣೆ ಇವೆಲ್ಲ ಮಾರಿದವನ ಹಿಂದೆ ಹೋಗದೆ ಮನೆಗೇ ಅಂಟಿಕೊಂಡು ಕೊಂಡವನ ಹೆಗಲಿಗೆ ಬರುತ್ತವೆ. ಅದಕ್ಕೇ ಈ ಬರಹದ ಉದ್ದಕ್ಕೂ ಒಂದೇ ಹಟ: ಕಾಗದ ನೋಡುವ ಕೆಲಸವೆಲ್ಲ ಮುಂಗಡ ಕೊಡುವ ಮೊದಲೇ ಮುಗಿಯಬೇಕು.

ಮೊದಲು ನಿಮ್ಮ ಸ್ಥಿತಿ ತಿಳಿದುಕೊಳ್ಳಿ

ಸ್ಪೇನಿನಲ್ಲಿ ಮನೆ ಕೊಳ್ಳಲು ಯಾವ ದೇಶದವರಿಗೂ ಅಡ್ಡಿಯಿಲ್ಲ. ಆದರೆ ಕೆಲವು ನಿಯಮ ನಿಮ್ಮ ಪಾಸ್‌ಪೋರ್ಟ್ ನೋಡುತ್ತವೆ, ಇನ್ನು ಕೆಲವು ನೀವು ಎಲ್ಲಿ ತೆರಿಗೆ ಕಟ್ಟುತ್ತೀರಿ ಎಂದು ನೋಡುತ್ತವೆ. ಇವೆರಡನ್ನೂ ಕಲಸಿಬಿಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಜರ್ಮನಿಯಲ್ಲಿ ದುಡಿಯುವವರು ಅನಿವಾಸಿಗಳು, ಅಂದರೆ ಸ್ಪೇನಿನಲ್ಲಿ ವಾಸವಿಲ್ಲದ ಮಾಲೀಕರು, ವರ್ಷವರ್ಷ ಅಲ್ಲಿಗೆ ಕಟ್ಟುವ ತೆರಿಗೆಯ (ವಿವರ ಮುಂದಿದೆ) ಮಟ್ಟಿಗೆ ಯುರೋಪಿಯನ್ ಒಕ್ಕೂಟದವರೇ. ಅವರಿಗೆ ಶೇ. 19ರ ದರ. ಲಂಡನ್‌ನಲ್ಲಿರುವವರು ಬ್ರೆಕ್ಸಿಟ್ ಆದಮೇಲೆ ಹೊರಗಿನವರು. ಅವರಿಗೂ ಬೆಂಗಳೂರಿನವರಿಗೂ ಶೇ. 24. ಆದರೆ ಅದೇ ಜರ್ಮನಿಯ ಕನ್ನಡಿಗರು ಕಡಲಿನ ಹತ್ತಿರ ಹೊಲ, ತೋಟದ ಮನೆ ಕೊಳ್ಳಲು ಹೋದರೆ ಅಲ್ಲಿ ಪಾಸ್‌ಪೋರ್ಟ್ ಮುಖ್ಯವಾಗುತ್ತದೆ. ಕಾರ್ತಾಹೆನಾ ಸುತ್ತಮುತ್ತ, ಜಿಬ್ರಾಲ್ಟರ್ ಜಲಸಂಧಿಯ ಕಡೆ, ಬಲೆಯಾರಿಕ್ ಮತ್ತು ಕೆನರಿ ದ್ವೀಪಗಳಲ್ಲಿ ಒಕ್ಕೂಟದ ಪ್ರಜೆಗಳಲ್ಲದವರು ಹಳ್ಳಿ ಜಮೀನು ಕೊಳ್ಳಲು ಸೇನೆಯ ಅನುಮತಿ ಬೇಕು. 1975ರ ರಕ್ಷಣಾ ವಲಯಗಳ ಕಾನೂನು ಇಂದಿಗೂ ಜಾರಿಯಲ್ಲಿದೆ. ಪಟ್ಟಣದೊಳಗಿನ ಫ್ಲ್ಯಾಟಿಗೆ ಸಾಮಾನ್ಯವಾಗಿ ಇದರ ಕಾಟವಿಲ್ಲ. ಹೊರವಲಯದ ವಿಲ್ಲಾ ನೋಡುತ್ತಿದ್ದರೆ ಮೊದಲೇ ಕೇಳಿ, ಅನುಮತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ವೀಸಾ ವಿಷಯವನ್ನೂ ಇಲ್ಲೇ ಮುಗಿಸೋಣ. 5 ಲಕ್ಷ ಯೂರೊ ಮನೆ ಕೊಂಡರೆ ವಾಸದ ಪರವಾನಗಿ ಕೊಡುವ ಗೋಲ್ಡನ್ ವೀಸಾ 2013ರಲ್ಲಿ ಶುರುವಾಗಿತ್ತು. 2025ರ ಏಪ್ರಿಲ್ 3ಕ್ಕೆ ಸ್ಪೇನ್ ಅದನ್ನು ನಿಲ್ಲಿಸಿತು. ಪೋರ್ಚುಗಲ್ ಮನೆ ಖರೀದಿಯ ದಾರಿಯನ್ನು 2023ರ ಅಕ್ಟೋಬರಿನಲ್ಲೇ ಮುಚ್ಚಿತ್ತು. ಇನ್ನೂ ಅದೇ ಹಳೆಯ ಆಸೆ ತೋರಿಸುವ ಜಾಹೀರಾತು ಕಂಡರೆ ಅವರ ಉಳಿದ ಮಾತುಗಳನ್ನೂ ಅನುಮಾನಿಸಿ. ಸ್ಪೇನಿನಲ್ಲಿ ಸ್ವಂತ ಮನೆಯಿದ್ದರೂ ಹೊರಗಿನವರಿಗೆ ಶೆಂಗೆನ್, ಅಂದರೆ ಒಂದೇ ವೀಸಾದ ಯುರೋಪ್ ದೇಶಗಳ ಗುಂಪಿನ, 180 ದಿನದಲ್ಲಿ 90 ದಿನದ ಮಿತಿ ತಪ್ಪದು. ಜರ್ಮನಿಯಂಥ ಶೆಂಗೆನ್ ದೇಶದಲ್ಲಿ ವಾಸದ ಪರವಾನಗಿ ಇರುವವರಿಗೂ ಬೇರೆ ಶೆಂಗೆನ್ ದೇಶದಲ್ಲಿ ಇರಲು ಇದೇ ಮಿತಿ.

ಇನ್ನೊಂದು ಸಂಗತಿ. 2025ರ ಜನವರಿಯಲ್ಲಿ ಪ್ರಧಾನಿ ಪೆದ್ರೊ ಸಾಂಚೆಸ್ ಒಕ್ಕೂಟದ ಹೊರಗೆ ವಾಸಿಸುವವರು ಮನೆ ಕೊಂಡರೆ ಬೆಲೆಯ ಶೇ. 100ರವರೆಗೆ ತೆರಿಗೆ ಹಾಕುವ ಪ್ರಸ್ತಾಪ ಮಾಡಿದ್ದರು. ಸಂಸತ್ತಿನ ಬೆಂಬಲವಿಲ್ಲದೆ ಇದು ಕಾನೂನಾಗದು. ಆದರೂ ಲಂಡನ್, ಬೆಂಗಳೂರಿನವರು ಖರೀದಿಗೆ ಇಳಿಯುವಾಗ ಅದು ಎಲ್ಲಿಗೆ ಬಂತು ಎಂದು ವಕೀಲರನ್ನು ಕೇಳಿಕೊಳ್ಳಿ.

ಬೆಲೆಯ ಮೇಲೆ ಎಷ್ಟು?

ಜಾಹೀರಾತಿನಲ್ಲಿ ಕಾಣುವ ಬೆಲೆಗೆ ಶೇ. 8ರಿಂದ 14ರಷ್ಟು ಸೇರಿಸಿ. ಅದರಲ್ಲಿ ದೊಡ್ಡ ಪಾಲು ತೆರಿಗೆಯದು. ಬೇರೆಯವರು ವಾಸಿಸಿದ ಹಳೆಯ ಮನೆಗೆ ಐಟಿಪಿ ಎಂಬ ವರ್ಗಾವಣೆ ತೆರಿಗೆ. ಇದನ್ನು ಪ್ರಾಂತ್ಯಗಳು ನಿಗದಿ ಮಾಡುತ್ತವೆ. ಮಾಲಗಾ, ಅಲ್ಮೆರಿಯಾ ಇರುವ ಆಂದಲುಸಿಯಾದಲ್ಲಿ ಶೇ. 7. ಮ್ಯಾಡ್ರಿಡ್‌ನಲ್ಲಿ ಶೇ. 6. ಕ್ಯಾಟಲೋನಿಯಾದಲ್ಲಿ ಶೇ. 10ರಿಂದ ಶುರುವಾಗಿ ಬೆಲೆ ಏರಿದಂತೆ ಏರುತ್ತದೆ. ಅಲಿಕಾಂತೆ ಸೇರಿರುವ ವೆಲೆನ್ಸಿಯಾ ಪ್ರಾಂತ್ಯದಲ್ಲಿ ಬಹುಕಾಲ ಶೇ. 10 ಇತ್ತು, 2026ರ ಜೂನ್‌ನಿಂದ 9ಕ್ಕೆ ಇಳಿಸುವ ಕಾನೂನು ಬಂದಿದೆ.

ಬಿಲ್ಡರ್‌ನಿಂದ ಹೊಸದಾಗಿ ಕೊಂಡರೆ ಐಟಿಪಿ ಇಲ್ಲ. ಬದಲಿಗೆ ಶೇ. 10ರ ಐವಿಎ, ಅಂದರೆ ನಮ್ಮ ಜಿಎಸ್‌ಟಿಯಂಥ ತೆರಿಗೆ, ಮತ್ತು ಸ್ಟ್ಯಾಂಪ್ ಡ್ಯೂಟಿ. ಆಂದಲುಸಿಯಾದಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ. 1.2.

ಮಾಲಗಾದಲ್ಲಿ 2,00,000 ಯೂರೊ ಹಳೆಯ ಫ್ಲ್ಯಾಟ್ ಎಂದುಕೊಳ್ಳಿ. ಐಟಿಪಿ 14,000. ನೋಟರಿ, ನೋಂದಣಿ, ಕಾಗದ ಓಡಾಟ ಎಲ್ಲ ಸೇರಿ ಎರಡು ಎರಡೂವರೆ ಸಾವಿರ. ವಕೀಲರು ಶೇ. 1 ಕೇಳಿದರೆ ಅದರ ಮೇಲೆ ಶೇ. 21ರ ಐವಿಎ ಸೇರಿ 2,420. ಒಟ್ಟು 19,000ದ ಆಸುಪಾಸು. ಅದೇ ಬೆಲೆಯ ಮನೆ ವೆಲೆನ್ಸಿಯಾ ಪ್ರಾಂತ್ಯದಲ್ಲಿದ್ದರೆ ಇನ್ನೂ ನಾಲ್ಕಾರು ಸಾವಿರ ಜಾಸ್ತಿ.

ಇಲ್ಲೊಂದು ಬಲೆ ಇದೆ. 2022ರ ಜನವರಿಯಿಂದ ಸರ್ಕಾರದ ಭೂದಾಖಲೆ ಇಲಾಖೆ ಪ್ರತಿ ಮನೆಗೂ ಒಂದು ಉಲ್ಲೇಖ ಬೆಲೆ ಕಟ್ಟುತ್ತದೆ. ನೀವು ಅದಕ್ಕಿಂತ ಕಡಿಮೆಗೆ ಕೊಂಡರೂ ತೆರಿಗೆ ಆ ಉಲ್ಲೇಖ ಬೆಲೆಯ ಮೇಲೆಯೇ. ಚೌಕಾಸಿ ಮಾಡಿ 20,000 ಇಳಿಸಿದೆ ಎಂದು ಹಿಗ್ಗುವ ಮುನ್ನ ಆ ಅಂಕಿ ತೆಗೆಸಿ ನೋಡಿ.

ಬ್ಲ್ಯಾಕ್, ವೈಟ್ ಎನ್ನುವ ಮಾತು ನಮಗೆ ಹೊಸದಲ್ಲ, ಅಲ್ವಾ? ಸ್ಪೇನಿನಲ್ಲೂ ಅದು ಇತ್ತು, ಅಲ್ಲಲ್ಲಿ ಈಗಲೂ ಇಣುಕುತ್ತದೆ. ಒಂದಿಷ್ಟು ನಗದಾಗಿ ಕೊಡಿ ಎಂದು ಯಾರಾದರೂ ಕೇಳಿದರೆ ಎದ್ದು ಬನ್ನಿ. ಕಾನೂನಿನ ಮಾತು ಹಾಗಿರಲಿ. ಕಾಗದದಲ್ಲಿ ಕಡಿಮೆ ಬೆಲೆ ಬರೆಸಿಕೊಂಡವರಿಗೆ ಮುಂದೆ ಮಾರುವಾಗ ಆ ವ್ಯತ್ಯಾಸವೆಲ್ಲ ಲಾಭವೆಂದು ಎಣಿಕೆಯಾಗುತ್ತದೆ, ಅದರ ಮೇಲೆ ಶೇ. 19 ತೆರಿಗೆ ಬೀಳುತ್ತದೆ.

ಎನ್‌ಐಇ, ಬ್ಯಾಂಕ್, ವಕೀಲರು

ಎನ್‌ಐಇ ಎಂದರೆ ವಿದೇಶಿಯರ ಗುರುತಿನ ಸಂಖ್ಯೆ. ಸ್ಪೇನಿನವರು ಇದನ್ನು ನಿಯೆ ಎನ್ನುತ್ತಾರೆ. ಇದಿಲ್ಲದೆ ಮನೆ ನೋಂದಣಿ ಇಲ್ಲ, ತೆರಿಗೆ ಕಟ್ಟಲಿಕ್ಕಿಲ್ಲ, ಕರೆಂಟ್ ಬಿಲ್ಲೂ ನಿಮ್ಮ ಹೆಸರಿಗೆ ಬರದು. ನೀವಿರುವ ದೇಶದ ಸ್ಪೇನ್ ಕಾನ್ಸುಲೇಟಿನಲ್ಲಿ ಅಥವಾ ಸ್ಪೇನಿನ ಪೊಲೀಸ್ ಕಚೇರಿಯಲ್ಲಿ ಇಎಕ್ಸ್-15 ಅರ್ಜಿ ಹಾಕಿ ಪಡೆಯಬಹುದು. ಕರಾವಳಿ ಊರುಗಳಲ್ಲಿ ಪೊಲೀಸರ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ತಲೆನೋವು, ಹಾಗಾಗಿ ಮನೆ ಹುಡುಕುವ ಮೊದಲೇ ಅರ್ಜಿ ಹಾಕಿ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಮನೆ ಎಂದಾದರೆ ಇಬ್ಬರಿಗೂ ಬೇಕು.

ಬ್ಯಾಂಕ್ ಖಾತೆಯನ್ನು ಅನಿವಾಸಿ ಖಾತೆಯಾಗಿ ತೆರೆಯಬಹುದು. ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಸಂಬಳದ ಚೀಟಿ, ತೆರಿಗೆ ರಿಟರ್ನ್, ಊರಿನ ಸೈಟು ಮಾರಿದ್ದಾದರೆ ಅದರ ಪತ್ರ, ಎಲ್ಲ ಕೇಳುತ್ತಾರೆ. ಕನ್ನಡದಲ್ಲಿರುವ ಕ್ರಯಪತ್ರಕ್ಕೆ ಅನುವಾದ ಮಾಡಿಸಿಟ್ಟುಕೊಳ್ಳಿ. ಕೊನೇ ವಾರದಲ್ಲಿ ಇದಕ್ಕೆ ಓಡಾಡುವುದು ಬೇಡ.

ಇನ್ನು ವಕೀಲರು. ಈ ಖರೀದಿಯಲ್ಲಿ ನಾಲ್ಕು ಜನ ನಿಮ್ಮ ಎದುರು ನಗುತ್ತಾ ಕೂರುತ್ತಾರೆ. ಏಜೆಂಟ್ ಸಾಮಾನ್ಯವಾಗಿ ಮಾರುವವನಿಂದ ಕಮಿಷನ್ ತೆಗೆದುಕೊಳ್ಳುತ್ತಾನೆ. ಸ್ಪೇನಿನ ಬಹುತೇಕ ಕಡೆ ಏಜೆಂಟ್ ಆಗಲು ಯಾವ ಪರವಾನಗಿಯೂ ಬೇಕಿಲ್ಲ. ಬ್ಯಾಂಕ್ ತನ್ನ ಸಾಲ ನೋಡಿಕೊಳ್ಳುತ್ತದೆ. ನೋಟರಿ ಸರ್ಕಾರ ನೇಮಿಸಿದ ಕಾನೂನು ಪಂಡಿತ, ಬಹಳ ಗೌರವದ ಹುದ್ದೆ, ಆದರೆ ಇಬ್ಬರಿಗೂ ಸಮಾನ. ಆ ಮನೆ ನಿಮಗೆ ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಅವರ ಕೆಲಸವಲ್ಲ. ನಿಮ್ಮ ಪರವಾಗಿ ಮಾತ್ರ ಕೆಲಸ ಮಾಡುವುದು ನೀವು ಹಣ ಕೊಟ್ಟು ನೇಮಿಸಿದ ವಕೀಲರು. ಕಾನೂನಿನಲ್ಲಿ ವಕೀಲರು ಕಡ್ಡಾಯವಲ್ಲ. ಆದರೂ ಇಡೀ ಖರ್ಚಿನಲ್ಲಿ ಹೆಚ್ಚು ಬೆಲೆ ಬಾಳುವುದು ಈ ಶೇ. 1.

ಏಜೆಂಟ್ ಹೇಳಿದ ವಕೀಲರನ್ನು ತೆಗೆದುಕೊಳ್ಳಬೇಡಿ. ಬಿಲ್ಡರ್ ಹೇಳಿದವರನ್ನಂತೂ ಬೇಡವೇ ಬೇಡ. ಪ್ರತಿ ಊರಿನ ವಕೀಲರ ಸಂಘದಲ್ಲಿ ನೋಂದಾಯಿತರ ಪಟ್ಟಿ ಇರುತ್ತದೆ, ಅಲ್ಲಿ ಹೆಸರು ಇದೆಯೇ ನೋಡಿ. ಹೆಸ್ತೋರ್ ಎಂಬ ಇನ್ನೊಂದು ಬಗೆಯವರೂ ಇದ್ದಾರೆ. ಅವರು ಕಚೇರಿಗಳಿಗೆ ಓಡಾಡಿ ಕಾಗದ ಮಾಡಿಸುತ್ತಾರೆ, ಕೆಲಸಕ್ಕೆ ಚೆನ್ನ. ಆದರೆ ಅವರು ವಕೀಲರಲ್ಲ.

ಪದೇ ಪದೇ ಹೋಗಿಬರಲು ಆಗದವರು ವಕೀಲರಿಗೆ ಮುಖ್ತಾರನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಕೊಡಬಹುದು. ಭಾರತದಲ್ಲಿ ಮಾಡಿಸಿದರೆ ಅಪೊಸ್ಟಿಲ್ ಎಂಬ ಅಂತರರಾಷ್ಟ್ರೀಯ ದೃಢೀಕರಣ ಮುದ್ರೆ ಹಾಕಿಸಿ, ಪ್ರಮಾಣಿತ ಅನುವಾದಕರಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಬೇಕು. ಏನೇನು ಮಾಡಬಹುದು ಎಂಬುದನ್ನು ಮಾತ್ರ ಬಿಡಿಸಿ ಬರೆಸಿ. ಎಲ್ಲ ಅಧಿಕಾರವನ್ನೂ ಸುಮ್ನೆ ಬರೆದುಕೊಡಬೇಡಿ.

ಮನೆ ನೋಡುವಾಗ

ಇದೇಲಿಸ್ತಾ, ಫೋತೊಕಾಸಾ ಎರಡು ದೊಡ್ಡ ಜಾಲತಾಣಗಳು. ಒಂದೇ ಮನೆಯನ್ನು ಮೂರು ಏಜೆಂಟರು ಮೂರು ಬೆಲೆಗೆ ಹಾಕಿರುವುದು ಅಲ್ಲಿ ಮಾಮೂಲು. ಫೋಟೊ ಹೋಲಿಸಿ ನೋಡಿ.

ಬೇಸಿಗೆಯಲ್ಲಿ ನೋಡಿ ಮೆಚ್ಚಿದ ಊರನ್ನು ಜನವರಿಯಲ್ಲೂ ಒಮ್ಮೆ ನೋಡಿ. ಎಷ್ಟೋ ಕರಾವಳಿ ಊರುಗಳಲ್ಲಿ ಚಳಿಗಾಲಕ್ಕೆ ಅಂಗಡಿ, ಹೋಟೆಲು ಮುಚ್ಚಿ ಬೀದಿ ಬಿಕೋ ಎನ್ನುತ್ತದೆ. ಎಷ್ಟೋ ಮನೆಗಳಲ್ಲಿ ಹೀಟಿಂಗ್ ಇರುವುದಿಲ್ಲ, ಗೋಡೆಯಲ್ಲಿ ತೇವ ಕಾಣುವುದೂ ಆಗಲೇ.

ನೆರೆಯ ವಿಷಯ ಮರೆಯಬೇಡಿ. 2024ರ ಅಕ್ಟೋಬರ್ 29ರ ಮಳೆಗೆ ವೆಲೆನ್ಸಿಯಾ ಸುತ್ತಲಿನ ಊರುಗಳಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ವರ್ಷವಿಡೀ ಒಣಗಿ ಬಿದ್ದಿರುವ ಹಳ್ಳ ಒಂದೇ ದಿನದಲ್ಲಿ ತುಂಬಿ ಹರಿಯುವ ನಾಡು ಅದು. ಸ್ಪೇನ್ ಸರ್ಕಾರದ ನೆರೆ ವಲಯಗಳ ನಕ್ಷೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ವಿಳಾಸ ಹಾಕಿ ನೋಡಲು ಐದು ನಿಮಿಷ ಸಾಕು. ನೆಲಮಹಡಿ ಫ್ಲ್ಯಾಟ್ ಮತ್ತು ಭೂಗತ ಪಾರ್ಕಿಂಗ್ ಇದ್ದರಂತೂ ನೋಡಲೇಬೇಕು.

ಕಾಗದ ಪರೀಕ್ಷೆ

ಮನೆ ಇಷ್ಟವಾಯಿತು. ಈಗ ಏಜೆಂಟ್ ಅವಸರ ಮಾಡುತ್ತಾನೆ, ಇನ್ನೊಬ್ಬರು ನಾಳೆ ಬರುತ್ತಿದ್ದಾರೆ ಎನ್ನುತ್ತಾನೆ. ಬರಲಿ. ನೀವು ಕಾಗದ ಕೇಳಿ.

ಎಲ್ಲಕ್ಕಿಂತ ಮೊದಲು ನೋತಾ ಸಿಂಪ್ಲೆ. ಇದು ನೋಂದಣಿ ಕಚೇರಿಯ ಚುಟುಕು ದಾಖಲೆ. ಆನ್‌ಲೈನ್‌ನಲ್ಲಿ ಸುಮಾರು 10 ಯೂರೊಗೆ ಯಾರು ಬೇಕಾದರೂ ತೆಗೆಸಬಹುದು. ಮಾಲೀಕರು ಯಾರು, ಅಡಮಾನ ಇದೆಯೇ, ಜಪ್ತಿ ಇದೆಯೇ, ಯಾರಿಗಾದರೂ ಜೀವಿತಾವಧಿ ವಾಸದ ಹಕ್ಕು ಇದೆಯೇ, ಎಲ್ಲ ಅದರಲ್ಲಿರುತ್ತದೆ. ನಮ್ಮ ಇಸಿ, ಅಂದರೆ ಋಣಭಾರ ಪತ್ರ, ನೋಡಿ ಅಭ್ಯಾಸ ಇರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಏಜೆಂಟ್ ಕೊಟ್ಟ ಹಳೆಯ ಪ್ರತಿಯನ್ನು ನಂಬದೆ ಹೊಸದು ತೆಗೆಸಿ. ಮಾಲೀಕರು ಅಣ್ಣತಮ್ಮಂದಿರು ನಾಲ್ವರಿದ್ದರೆ ನಾಲ್ವರೂ ಸಹಿ ಹಾಕಬೇಕು. ಒಬ್ಬ ಅರ್ಜೆಂಟೀನಾದಲ್ಲಿದ್ದರೆ ಅವನ ಮುಖ್ತಾರನಾಮೆ ಎಲ್ಲಿ ಎಂದು ಈಗಲೇ ಕೇಳಿ.

ಆಮೇಲೆ ಕತಾಸ್ತ್ರೊ. ಇದು ತೆರಿಗೆಗಾಗಿ ಇಟ್ಟ ಭೂದಾಖಲೆ. ಪ್ರತಿ ಆಸ್ತಿಗೂ 20 ಅಕ್ಷರ ಅಂಕಿಗಳ ಸಂಖ್ಯೆ, ನಕ್ಷೆ, ಕಟ್ಟಿದ ವಿಸ್ತೀರ್ಣ ಎಲ್ಲ ಇರುತ್ತದೆ. ನೋತಾ ಸಿಂಪ್ಲೆ, ಕತಾಸ್ತ್ರೊ, ನಿಮ್ಮ ಕಣ್ಣು, ಮೂರನ್ನೂ ಹೋಲಿಸಿ. ಕಣ್ಣಿಗೆ ಈಜುಕೊಳ, ಗಾಜು ಹಾಕಿ ಮುಚ್ಚಿದ ಬಾಲ್ಕನಿ, ಮೇಲೊಂದು ಕೋಣೆ ಕಾಣುತ್ತದೆ. ದಾಖಲೆಯಲ್ಲಿ ಅವಿಲ್ಲ. ಹಾಗಾದರೆ ಅವಕ್ಕೆ ಪರವಾನಗಿ ಇರಲಿಕ್ಕಿಲ್ಲ. ದಂಡ, ಕೆಡಹುವ ನೋಟಿಸು ಬಂದರೆ ಅದು ನಿಮ್ಮ ವಿಳಾಸಕ್ಕೆ ಬರುತ್ತದೆ. ಸಾಲ ಕೊಡುವ ಬ್ಯಾಂಕೂ ದಾಖಲೆಯಲ್ಲಿ ಇರುವಷ್ಟಕ್ಕೇ ಬೆಲೆ ಕಟ್ಟುತ್ತದೆ.

ಅಪಾರ್ಟ್‌ಮೆಂಟ್ ಆದರೆ ಮಾಲೀಕರ ಸಂಘದ ಪ್ರಮಾಣಪತ್ರ ಕೇಳಿ. ಇದು ಮುಖ್ಯ. ಮಾರುವವರು ಸಂಘಕ್ಕೆ ಬಾಕಿ ಉಳಿಸಿದ್ದರೆ ಈ ವರ್ಷದ್ದೂ ಹಿಂದಿನ ಮೂರು ವರ್ಷದ್ದೂ ಕೊಂಡವರ ಮನೆಯಿಂದ ವಸೂಲಿ ಮಾಡಲು ಕಾನೂನಿದೆ. ಬಾಕಿ ಇಲ್ಲ ಎಂಬ ಪತ್ರವನ್ನು ಮಾರುವವರು ನೋಟರಿ ಮುಂದೆ ತರಬೇಕು. ಇದನ್ನು ಬಿಟ್ಟುಕೊಡಿ, ಸಮಯ ಉಳಿಯುತ್ತದೆ ಎಂದು ಹೇಳುವವರಿದ್ದಾರೆ. ಬಿಟ್ಟುಕೊಡಬೇಡಿ. ಜೊತೆಗೆ ಸಂಘದ ಹಿಂದಿನ ಎರಡು ಮೂರು ವರ್ಷದ ಸಭೆಯ ನಡಾವಳಿ ಕೇಳಿ ಓದಿಸಿ. ಲಿಫ್ಟ್ ಬದಲಿಸಲು, ಹೊರಗೋಡೆ ದುರಸ್ತಿಗೆ ದೆರ್ರಾಮಾ ಹಾಕುವ ಮಾತು ಅಲ್ಲಿ ಸಿಗುತ್ತದೆ. ದೆರ್ರಾಮಾ ಎಂದರೆ ವಿಶೇಷ ವಂತಿಗೆ. ಕೆಲವೊಮ್ಮೆ ಸಾವಿರಾರು ಯೂರೊ. ಅದನ್ನು ಯಾರು ಕಟ್ಟಬೇಕು ಎಂದು ಮುಂಗಡ ಪತ್ರದಲ್ಲೇ ಬರೆಸಿ. ನಡಾವಳಿ ಓದಿದರೆ ಪಕ್ಕದ ಮನೆಯವರು ಎಂಥವರು ಎಂಬುದೂ ತಿಳಿಯುತ್ತದೆ, ಅದು ಉಚಿತ ಮನರಂಜನೆ.

ಐಬಿಐ ಎಂಬ ಮನೆ ಕಂದಾಯದ ರಸೀದಿಗಳು ಬೇಕು. ಕಟ್ಟದಿದ್ದರೆ ಪುರಸಭೆ ಮನೆಯ ಮೇಲೇ ಹಕ್ಕು ಚಲಾಯಿಸುತ್ತದೆ. ಕಸದ ಶುಲ್ಕ, ನೀರು, ಕರೆಂಟ್ ಬಿಲ್ ಕೂಡ ಕೇಳಿ. ಇಂಧನ ಪ್ರಮಾಣಪತ್ರ 2013ರಿಂದ ಕಡ್ಡಾಯ, ಅದು ಮಾರುವವರ ಖರ್ಚು. ವಾಸಯೋಗ್ಯ ಎಂಬ ಪತ್ರದ ಹೆಸರು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಕ್ಯಾಟಲೋನಿಯಾದಲ್ಲಿ ಸೆದುಲಾ, ವೆಲೆನ್ಸಿಯಾದಲ್ಲಿ ವಾಸದ ಲೈಸೆನ್ಸು. ಇದಿಲ್ಲದೆ ಹೊಸ ಕರೆಂಟ್ ಸಂಪರ್ಕ ಸಿಗುವುದು ಕಷ್ಟ.

ಕಟ್ಟಡ ಹಳೆಯದಾದರೆ ಅಪಾರೆಹಾದೊರ್, ಅಂದರೆ ಕಟ್ಟಡ ತಾಂತ್ರಿಕರನ್ನು ಕರೆದು ತೋರಿಸಿ. ಸ್ಪೇನಿನವರು ಇದನ್ನು ಅಷ್ಟಾಗಿ ಮಾಡಿಸುವುದಿಲ್ಲ, ಆದ್ದರಿಂದ ಏಜೆಂಟ್ ಹುಬ್ಬೇರಿಸಬಹುದು. ಕೆಲವು ನೂರು ಯೂರೊ ಖರ್ಚು. ಮಾಡಿಸಿ.

ಹಳ್ಳಿ ಮನೆ, ಕಡಲಂಚಿನ ಮನೆ

ಇವೆರಡಕ್ಕೂ ಬೇರೆಯೇ ಎಚ್ಚರ ಬೇಕು.

ಬಾದಾಮಿ ತೋಟದ ನಡುವೆ ಬಿಳಿ ಮನೆ, ಬೆಲೆ ಕೈಗೆಟುಕುವಂತಿದೆ. ಯಾಕೆ ಎಂದು ಕೇಳಿ. ಸ್ಪೇನಿನಲ್ಲಿ ಜಮೀನು ಪಟ್ಟಣದ್ದೋ ಹಳ್ಳಿಯದ್ದೋ ಎಂಬ ವಿಂಗಡಣೆ ಬಲು ಬಿಗಿ. ಹಳ್ಳಿ ಜಮೀನಿನಲ್ಲಿ ಮನೆ ಕಟ್ಟಲು ಹಲವು ಷರತ್ತು. ಕಟ್ಟಡದ ಹುಚ್ಚಿನ ಕಾಲದಲ್ಲಿ ಆಂದಲುಸಿಯಾದಲ್ಲಿ ಸಾವಿರಾರು ಮನೆಗಳು ಇದನ್ನು ಮೀರಿ ಎದ್ದವು. ಎಷ್ಟೋ ಸಲ ಪುರಸಭೆಯೇ ಪರವಾನಗಿ ಕೊಟ್ಟಿತ್ತು. 2008ರ ಜನವರಿಯಲ್ಲಿ ಅಲ್ಮೆರಿಯಾದ ವೆರಾ ಎಂಬಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯ ಮನೆಯನ್ನು ಬುಲ್ಡೋಜರ್ ತಂದು ಕೆಡವಿದರು. ಪುರಸಭೆಯ ಪರವಾನಗಿ ಅವರ ಕೈಯಲ್ಲಿತ್ತು. ಪ್ರಾಂತ್ಯದ ಸರ್ಕಾರ ಆ ಪರವಾನಗಿಯನ್ನೇ ಒಪ್ಪಲಿಲ್ಲ.

ಅದಾದ ಮೇಲೆ ಕಾನೂನು ಸ್ವಲ್ಪ ಸಡಿಲವಾಗಿದೆ. ಆಂದಲುಸಿಯಾದಲ್ಲಿ ಇಂಥ ಹಳೆಯ ಮನೆಗಳಿಗೆ ಡಿಎಎಫ್‌ಒ ಎಂಬ ಮಾನ್ಯತೆ ಸಿಗಬಹುದು. ಅದಿದ್ದರೆ ನೀರು, ಕರೆಂಟ್ ಹಾಕಿಸಬಹುದು. ಆದರೆ ಅದು ಮನೆಯನ್ನು ಪೂರ್ತಿ ಸಕ್ರಮ ಮಾಡುವುದಿಲ್ಲ, ವಿಸ್ತರಿಸಲು ಬಿಡುವುದಿಲ್ಲ. ಕೊಂಡಮೇಲೆ ಮಾಡಿಸಿಕೊಳ್ಳಬಹುದು ಎನ್ನುವ ಮಾತಿಗೆ ತಲೆದೂಗಬೇಡಿ. ಮಾರುವವರೇ ಮಾಡಿಸಿ ಕೊಡಲಿ. ಬಾವಿಗೆ ಪರವಾನಗಿ, ದಾರಿಯ ಹಕ್ಕು, ಮಲಗುಂಡಿ, ಇವನ್ನೂ ನೋಡಿ.

ಮರಳಿನ ಮೇಲೇ ಕಾಲಿಡುವ ಮನೆಗೆ 1988ರ ಕರಾವಳಿ ಕಾನೂನು ಅಡ್ಡ ಬರುತ್ತದೆ. ಕಡಲತೀರ ಸಾರ್ವಜನಿಕರದು. ಆ ತೀರದ ಗಡಿ ಗೆರೆಯಿಂದ ಕಡಲ ಕಡೆಗೆ ಸಿಕ್ಕಿಬಿದ್ದ ಹಳೆಯ ಮನೆಗಳ ಮಾಲೀಕರಿಗೆ ಉಳಿದಿರುವುದು ಇಂತಿಷ್ಟು ವರ್ಷ ಬಳಸುವ ಅನುಮತಿ ಮಾತ್ರ. ಗೆರೆಯಿಂದ ಒಳನಾಡಿನ ಕಡೆಗೆ ಸಾಮಾನ್ಯವಾಗಿ 100 ಮೀಟರ್ ರಕ್ಷಣಾ ಪಟ್ಟಿ, ಅಲ್ಲಿ ದುರಸ್ತಿಗೂ ನಿರ್ಬಂಧ. ಗೆರೆ ಎಲ್ಲಿ ಹಾದುಹೋಗಿದೆ ಎಂದು ವಕೀಲರಿಂದ ಬರಹದಲ್ಲಿ ತರಿಸಿ.

ಮುಂಗಡ

ಈಗ ದುಡ್ಡು ಮುಟ್ಟಬಹುದು. ಮೊದಲು ಒಂದು ಸಣ್ಣ ಕಾಯ್ದಿರಿಸುವ ಹಣ ಕೇಳುತ್ತಾರೆ, ಕೆಲವು ಸಾವಿರ ಯೂರೊ. ಕಾಗದ ಸರಿಯಿಲ್ಲದಿದ್ದರೆ ಪೂರ್ತಿ ವಾಪಸ್ ಎಂದು ಬರೆದಿದ್ದರೆ ಮಾತ್ರ ಕೊಡಿ.

ನಂತರ ಅರ್ರಾಸ್ ಎಂಬ ಮುಂಗಡ ಒಪ್ಪಂದ. ಸಾಮಾನ್ಯವಾಗಿ ಬೆಲೆಯ ಶೇ. 10. ಸ್ಪೇನಿನ ಸಿವಿಲ್ ಸಂಹಿತೆಯ 1454ನೇ ವಿಧಿಯ ಪ್ರಕಾರ ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಹೋಯಿತು. ಮಾರುವವರು ಹಿಂದೆ ಸರಿದರೆ ಎರಡರಷ್ಟು ಕೊಡಬೇಕು. ಆದರೆ ಅರ್ರಾಸ್‌ನಲ್ಲಿ ಬೇರೆ ಬಗೆಗಳೂ ಇವೆ. ಈ 1454ನೇ ವಿಧಿಯದ್ದು ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಇಲ್ಲದಿದ್ದರೆ ಖರೀದಿ ಮುಗಿಸಲೇಬೇಕೆಂದು ಕೋರ್ಟಿಗೆ ಎಳೆಯಬಹುದು. ಸಾಲದ ಮೇಲೆ ಕೊಳ್ಳುವವರು ಇನ್ನೊಂದು ಸಾಲು ಸೇರಿಸಿ: ಬ್ಯಾಂಕ್ ಸಾಲ ಕೊಡದಿದ್ದರೆ ಮುಂಗಡ ವಾಪಸ್. ಮಾರುವವರು ಗೊಣಗುತ್ತಾರೆ. ಪಟ್ಟು ಬಿಡಬೇಡಿ.

ಕಟ್ಟುತ್ತಿರುವ ಮನೆಗೆ ಕಂತು ಕೊಡುವವರು ಪ್ರತಿ ಕಂತಿಗೂ ಬ್ಯಾಂಕ್ ಗ್ಯಾರಂಟಿ ಅಥವಾ ವಿಮೆಯ ಪತ್ರ ಕೇಳಿ ಪಡೆಯಿರಿ. ಬಿಲ್ಡರ್ ಅದನ್ನು ಕೊಡಲೇಬೇಕೆಂದು ಕಾನೂನಿದೆ. ಬಿಲ್ಡರ್ ಮುಳುಗಿದರೂ ದುಡ್ಡು ಬಡ್ಡಿ ಸಮೇತ ಬರುತ್ತದೆ.

ಸಾಲ

ಅನಿವಾಸಿಗಳಿಗೆ ಸ್ಪೇನಿನ ಬ್ಯಾಂಕುಗಳು ಸಾಮಾನ್ಯವಾಗಿ ಶೇ. 60ರಿಂದ 70ರಷ್ಟು ಸಾಲ ಕೊಡುತ್ತವೆ. ಅಂದರೆ 2,00,000ದ ಮನೆಗೆ, ಮೇಲಿನ ಖರ್ಚೂ ಸೇರಿ, 80,000ದಿಂದ ಒಂದು ಲಕ್ಷ ಯೂರೊ ಕೈಯಲ್ಲಿರಬೇಕು. 2019ರ ಅಡಮಾನ ಕಾನೂನು ಸಾಲಗಾರರ ಪರವಾಗಿದೆ. ಸಾಲದ ಕಾಗದವೆಲ್ಲ ಸಹಿಗೆ ಕನಿಷ್ಠ 10 ದಿನ ಮೊದಲು ನಿಮ್ಮ ಕೈಗೆ ಬರಬೇಕು. ನೋಟರಿ ಅದನ್ನು ಬೇರೆ ದಿನ ಕೂರಿಸಿ ವಿವರಿಸಬೇಕು. ಅಡಮಾನದ ನೋಟರಿ, ನೋಂದಣಿ, ಸ್ಟ್ಯಾಂಪ್ ಖರ್ಚು ಬ್ಯಾಂಕಿನದು. ಬೆಲೆ ಕಟ್ಟಿಸುವ ಖರ್ಚು ಮಾತ್ರ ನಿಮ್ಮದು.

ನೋಟರಿ ಮುಂದೆ

ನೋಟರಿಯನ್ನು ಆರಿಸುವ ಹಕ್ಕು ಕೊಳ್ಳುವವರದು. ಸ್ಪ್ಯಾನಿಷ್ ಬಾರದಿದ್ದರೆ ದುಭಾಷಿ ಬೇಕು. ಎಸ್ಕ್ರಿತೂರಾ ಎಂಬ ಕ್ರಯಪತ್ರವನ್ನು ಅಲ್ಲಿ ಓದಿ ಹೇಳುತ್ತಾರೆ. ಹಣ ಬ್ಯಾಂಕ್ ಚೆಕ್ ಅಥವಾ ಅದೇ ದಿನ ತಲುಪುವ ವರ್ಗಾವಣೆಯಲ್ಲಿ ಹೋಗುತ್ತದೆ. ಮಾರುವವರ ಹಳೆಯ ಅಡಮಾನ ಇನ್ನೂ ಇದ್ದರೆ ಅವರ ಬ್ಯಾಂಕಿನವರು ಬಂದು ಅಲ್ಲೇ ತೀರಿಸಿಕೊಳ್ಳುತ್ತಾರೆ. ಅದನ್ನು ದಾಖಲೆಯಿಂದ ಅಳಿಸುವ ಖರ್ಚನ್ನು ಮಾರುವವರ ಹಣದಲ್ಲಿ ಹಿಡಿದಿಡಿ.

ಮಾರುವವರೂ ಅನಿವಾಸಿಯೇ? ಕರಾವಳಿಯಲ್ಲಿ ಬಹಳ ಸಲ ಹೌದು. ಆಗ ನೀವು ಅವರ ಲಾಭದ ತೆರಿಗೆಯ ಲೆಕ್ಕಕ್ಕೆ ಬೆಲೆಯ ಶೇ. 3 ಹಿಡಿದುಕೊಂಡು ಒಂದು ತಿಂಗಳೊಳಗೆ 211 ನಮೂನೆಯಲ್ಲಿ ತೆರಿಗೆ ಇಲಾಖೆಗೆ ಕಟ್ಟಬೇಕು. ಕಟ್ಟದಿದ್ದರೆ ಹೊಣೆ ಮನೆಗೆ. ಜಮೀನಿನ ಬೆಲೆ ಏರಿದ್ದಕ್ಕೆ ಹಾಕುವ ಪ್ಲುಸ್‌ವಾಲಿಯಾ ಎಂಬ ಪುರಸಭೆಯ ತೆರಿಗೆಯೂ ಹಾಗೆಯೇ. ಅದು ಮಾರುವವರದ್ದು, ಆದರೆ ಅವರು ಅನಿವಾಸಿಯಾದರೆ ಪುರಸಭೆ ನಿಮ್ಮನ್ನು ಹಿಡಿಯುತ್ತದೆ. ಆ ಮೊತ್ತವನ್ನೂ ಲೆಕ್ಕ ಹಾಕಿಸಿ ಬೆಲೆಯಿಂದ ಹಿಡಿದುಕೊಳ್ಳಿ. ಬ್ರಿಟನ್ನಿನ ಮಾಲೀಕರು ದುಡ್ಡು ತೆಗೆದುಕೊಂಡು ಊರಿಗೆ ಹೋದಮೇಲೆ ಅವರನ್ನು ಹುಡುಕುವವರು ಯಾರು?

ಸಹಿಯಾದ ದಿನವೇ ನೋಟರಿ ಕಚೇರಿಯಿಂದ ನೋಂದಣಿ ಕಚೇರಿಗೆ ಮಾಹಿತಿ ಹೋಗುವಂತೆ ನೋಡಿಕೊಳ್ಳಿ. ಐಟಿಪಿ ಕಟ್ಟಲು ಪ್ರಾಂತ್ಯಕ್ಕೆ ತಕ್ಕಂತೆ ಒಂದೆರಡು ತಿಂಗಳ ಗಡುವು. ತೆರಿಗೆ ಕಟ್ಟಿದ ಮೇಲೆಯೇ ಪೂರ್ತಿ ನೋಂದಣಿ.

ವರ್ಷವರ್ಷದ ಖರ್ಚು

ಐಬಿಐ, ಕಸದ ಶುಲ್ಕ, ಸಂಘದ ಮಾಸಿಕ ವಂತಿಗೆ, ವಿಮೆ. ಇವನ್ನೆಲ್ಲ ಬ್ಯಾಂಕಿನಿಂದ ತಾನೇ ಕಡಿತವಾಗುವಂತೆ ಮಾಡಿ. ಮನೆ ವಿಮೆಯಲ್ಲಿ ಒಂದು ಒಳ್ಳೆಯ ಸಂಗತಿ ಇದೆ: ಮಾಮೂಲಿ ಪಾಲಿಸಿ ಇದ್ದರೂ ದೊಡ್ಡ ನೆರೆಗೆ ಕೊನ್ಸೊರ್ಸಿಯೊ ಎಂಬ ಸರ್ಕಾರಿ ಸಂಸ್ಥೆ ಪರಿಹಾರ ಕೊಡುತ್ತದೆ. ಪಾಲಿಸಿಯೇ ಇಲ್ಲದಿದ್ದರೆ ಅದೂ ಇಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ತೆರಿಗೆ ಇನ್ನೊಂದು. ಮನೆ ಬಾಡಿಗೆಗೆ ಕೊಡದೆ ಖಾಲಿ ಇಟ್ಟರೂ ಅದರಿಂದ ಆದಾಯ ಬಂತೆಂದು ಊಹಿಸಿ ಅನಿವಾಸಿಗಳಿಗೆ ತೆರಿಗೆ ಹಾಕುತ್ತಾರೆ. ಕತಾಸ್ತ್ರೊ ಬೆಲೆಯ ಶೇ. 1.1 ಅಥವಾ ಶೇ. 2ನ್ನು ಆದಾಯವೆಂದು ಎಣಿಸುತ್ತಾರೆ. ಕತಾಸ್ತ್ರೊ ಬೆಲೆ 80,000 ಇದ್ದು ಶೇ. 1.1 ಅನ್ವಯವಾದರೆ ಆದಾಯ 880 ಯೂರೊ. ಜರ್ಮನಿಯಲ್ಲಿರುವವರಿಗೆ ಅದರ ಶೇ. 19, ಅಂದರೆ 167. ಲಂಡನ್, ಬೆಂಗಳೂರಿನವರಿಗೆ ಶೇ. 24, ಅಂದರೆ 211. ಮುಂದಿನ ವರ್ಷದ ಡಿಸೆಂಬರ್ 31ರೊಳಗೆ 210 ನಮೂನೆಯಲ್ಲಿ ನೀವೇ ಹೋಗಿ ಕಟ್ಟಬೇಕು, ಯಾರೂ ನೋಟಿಸು ಕಳಿಸುವುದಿಲ್ಲ. ಮುಂದೆ ನೀವು ಮಾರಿ, ಕೊಂಡವರು ಹಿಡಿದ ಶೇ. 3 ವಾಪಸ್ ಕೇಳಿದಾಗ ಹಳೆಯ ಬಾಕಿಯೆಲ್ಲ ಎದ್ದು ಕೂರುತ್ತದೆ.

ಬಾಡಿಗೆಯಿಂದ ಸಾಲ ತೀರಿಸುತ್ತೇನೆ ಎಂಬ ಲೆಕ್ಕ ಇದ್ದರೆ ಅದನ್ನು ಇನ್ನೊಮ್ಮೆ ಮಾಡಿ. 2025ರ ಏಪ್ರಿಲ್ 3ರಿಂದ ಅಪಾರ್ಟ್‌ಮೆಂಟಿನಲ್ಲಿ ಹೊಸದಾಗಿ ಪ್ರವಾಸಿ ಬಾಡಿಗೆ ಶುರುಮಾಡಲು ಸಂಘದ ಐದರಲ್ಲಿ ಮೂರು ಪಾಲು ಬಹುಮತದ ಒಪ್ಪಿಗೆ ಬೇಕು. ಅದೇ ವರ್ಷದ ಜುಲೈನಿಂದ ರಾಷ್ಟ್ರೀಯ ನೋಂದಣಿ ಸಂಖ್ಯೆ ಇಲ್ಲದೆ ಏರ್‌ಬಿಎನ್‌ಬಿಯಂಥ ಕಡೆ ಹಾಕುವಂತಿಲ್ಲ. ಬಾರ್ಸಿಲೋನಾ ನಗರ ಈಗಿರುವ 10,101 ಪ್ರವಾಸಿ ಫ್ಲ್ಯಾಟ್ ಪರವಾನಗಿಗಳನ್ನೂ 2028ರ ನವೆಂಬರಿನಿಂದ ಮುಂದುವರಿಸುವುದಿಲ್ಲ ಎಂದು ಹೇಳಿದೆ. ಸ್ಥಳೀಯರಿಗೆ ಮನೆ ಸಿಗುತ್ತಿಲ್ಲ ಎಂಬ ಸಿಟ್ಟು ಅಲ್ಲಿ ಬೀದಿಗೆ ಬಂದಿದೆ. ಅದು ನ್ಯಾಯವೇ ಅನ್ನಿಸುತ್ತದೆ ನನಗೆ. ನೀವು ಒಪ್ಪದಿದ್ದರೂ ನಿಯಮ ಬಿಗಿಯಾಗುತ್ತಲೇ ಹೋಗುತ್ತದೆ ಎಂದೇ ಲೆಕ್ಕ ಹಾಕಿ.

ಭಾರತದಿಂದ ದುಡ್ಡು ಕಳಿಸುವವರು

ಭಾರತದ ನಿವಾಸಿಗಳು ಆರ್‌ಬಿಐನ ಉದಾರ ರವಾನೆ ಯೋಜನೆಯಲ್ಲಿ ತಲಾ ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು. ವಿದೇಶದಲ್ಲಿ ಮನೆ ಕೊಳ್ಳಲು ಇದನ್ನು ಬಳಸಬಹುದು, ಕುಟುಂಬದವರು ಸೇರಿ ಕೊಳ್ಳಲೂ ಅವಕಾಶವಿದೆ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್, ಅಂದರೆ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಒಬ್ಬರೇ 2 ಕೋಟಿ ಕಳಿಸಿದರೆ 38 ಲಕ್ಷ. ಇದು ಹೋಗುವ ದುಡ್ಡಲ್ಲ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಅಷ್ಟು ದಿನ ಅದು ಕೈಯಲ್ಲಿರುವುದಿಲ್ಲ, ಬಜೆಟ್‌ನಲ್ಲಿ ಸೇರಿಸಿ. ಸ್ಪೇನಿನ ಬ್ಯಾಂಕ್ ಸಾಲ, ಬಿಲ್ಡರ್ ಕಂತು ಇವಕ್ಕೆ ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ತೊಡಕಿದೆ. ಸಿಎ ಒಬ್ಬರನ್ನು ಕೇಳದೆ ಮುಂದುವರಿಯಬೇಡಿ. ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಮನೆಯನ್ನು ಪ್ರತಿ ವರ್ಷ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಯುರೋಪಿನಲ್ಲಿ ದುಡಿದು ಅಲ್ಲೇ ಕೊಂಡು, ಮುಂದೆ ಮೈಸೂರಿಗೋ ಹುಬ್ಬಳ್ಳಿಗೋ ವಾಪಸಾಗುವವರು ಮನೆ ಮಾರಿಯೇ ಬರಬೇಕಿಲ್ಲ. ಹೊರದೇಶದ ನಿವಾಸಿಯಾಗಿದ್ದಾಗ ಕೊಂಡ ಆಸ್ತಿಯನ್ನು ಇಟ್ಟುಕೊಳ್ಳಲು ಫೆಮಾದ 6(4)ನೇ ಸೆಕ್ಷನ್ ಬಿಡುತ್ತದೆ. ರಿಟರ್ನ್‌ನಲ್ಲಿ ತೋರಿಸುವ ಹೊಣೆ ಮಾತ್ರ ಆಗ ಅವರಿಗೂ ಬರುತ್ತದೆ.

ಉಯಿಲು

ಮನೆ ಕೈಗೆ ಬಂದಮೇಲೆ ಅದೇ ನೋಟರಿ ಹತ್ತಿರ ಸ್ಪೇನಿನ ಆಸ್ತಿಗೆ ಮಾತ್ರ ಅನ್ವಯಿಸುವ ಉಯಿಲು ಮಾಡಿಸಿ. ಖರ್ಚು ಕಡಿಮೆ. ಸ್ಪೇನಿನ ಕಾನೂನಿನಲ್ಲಿ ಮಕ್ಕಳಿಗೆ ಕಡ್ಡಾಯ ಪಾಲಿದೆ, ಎಲ್ಲವನ್ನೂ ಹೆಂಡತಿಗೋ ಗಂಡನಿಗೋ ಬಿಡಲಾಗದು. 2015ರ ಆಗಸ್ಟ್ 17ರಿಂದ ಜಾರಿಯಲ್ಲಿರುವ ಯುರೋಪಿಯನ್ ನಿಯಮದ ಪ್ರಕಾರ ನಿಮ್ಮ ಪೌರತ್ವದ ದೇಶದ ಕಾನೂನು ಅನ್ವಯಿಸಲಿ ಎಂದು ಉಯಿಲಿನಲ್ಲಿ ಬರೆಸಬಹುದು. ಬರೆಸದಿದ್ದರೆ ಸಾಮಾನ್ಯವಾಗಿ ಕೊನೆಗೆ ವಾಸವಿದ್ದ ದೇಶದ ಕಾನೂನು. ಊರಿನಲ್ಲಿ ಮಾಡಿಟ್ಟ ಉಯಿಲು ಇದರಿಂದ ರದ್ದಾಗುವುದಿಲ್ಲ ಎಂಬ ಒಂದು ಸಾಲನ್ನೂ ಸೇರಿಸಿ. ಉಯಿಲಿನ ಮಾಹಿತಿ ಮ್ಯಾಡ್ರಿಡ್‌ನ ಕೇಂದ್ರ ದಾಖಲೆಗೆ ನೋಟರಿಯಿಂದಲೇ ಹೋಗುತ್ತದೆ. ಮನೆಯವರಿಗೆ ನಿಮ್ಮ ಎನ್‌ಐಇ ಸಂಖ್ಯೆ ಮತ್ತು ವಕೀಲರ ಹೆಸರು ಗೊತ್ತಿರಲಿ.